ಕೊಂಕಲ್‌ನ ತೊಂಬತ್ತಾರು ಕಂಬಳಿ

ಶಹಾಪುರ, ೫ ಫೆಬ್ರುವರಿ ೧೯೫೬, ಭಾನುವಾರ

ದ್ಯಾವಪ್ಪನವರು ಕೊಡುತ್ತೇನೆಂದದ್ದು: ಸಾಮಾನು ಇಡಲು ತಮ್ಮ ವಾಡೆಯ ಹೊರಕೋಣೆ. ಸಿಕ್ಕಿದ್ದು: ಅಲ್ಲಿ ಜೋಳದ ಚೀಲ ತುಂಬಿವೆ ಎಂಬ ಸಮಾಚಾರ.

ಕೊಡುತ್ತೇನೆಂದದ್ದು: ಊರೂರು ತಿರುಗಲು ಬಂಡಿ. ಸಿಕ್ಕಿದ್ದು: ಎತ್ತಿಗೆ ಕಾಲುನೋವು.

ಐನೂರು ಕರಪತ್ರ ಅಂದಿದ್ದರು. ನಲವತ್ತು ಬಂದವು. ಅವುಗಳಲ್ಲಿ 'ಅಧ್ಯಕ್ಷರು: ಶ್ರೀ ದ್ಯಾವಪ್ಪನವರು' ಎಂಬುದು ದಪ್ಪಕ್ಷರದಲ್ಲಿದೆ, 'ಅನಾಥ ಮಕ್ಕಳು' ಎಂಬುದು ಇರುವೆ ಸಾಲಿನಂತೆ ಕೆಳಗಿದೆ.

ಮುಂಬೈಯ ಹಡಗಿನವರಿಗೆ ಕಾಗದ ಬರೆಯುವುದು ತಮ್ಮ ಜಿಮ್ಮೇದಾರಿ ಅಂದಿದ್ದರು. ಬರೆದಿದ್ದಾರಂತೆ. ಉತ್ತರ ಬಂದರೆ ಹೇಳುತ್ತಾರಂತೆ.

ನಮ್ಮ ಸಮಿತಿಯ ಮೊದಲ ತಿಂಗಳ ಸಾಧನೆ ಇದು. ಸಮಿತಿ ಎಂದರೆ ಮೂರು ಜನ. ಅಧ್ಯಕ್ಷರು ದ್ಯಾವಪ್ಪನವರು, ಕಾರ್ಯದರ್ಶಿ ಶಾಲೆಯ ಶಿಕ್ಷಕಿಯಾದ ನಾನು, ಸದಸ್ಯೆ ಖುರ್ಷೀದಬೇಗಂ. ಎಂಟು ವರ್ಷದ ಹಿಂದೆ ಗಡಿ ಶಿಬಿರದಲ್ಲಿ ದ್ಯಾವಪ್ಪನವರೂ ನಾನೂ ಒಂದೇ ಹಂಡೆಯ ಅಂಬಲಿ ಕುಡಿದು ನಿಜಾಮನ ವಿರುದ್ಧ ಕೂಗಿದವರು. ಈಗ ಅವರಿಗೆ ಏಕೀಕರಣದ ಸಭೆ ಇಲ್ಲದ ದಿನವಿಲ್ಲ. ಕನ್ನಡದವರೆಲ್ಲ ಒಂದು ರಾಜ್ಯವಾಗಬೇಕು, ಸರಿ, ನಾನೂ ಗಂಟಲು ಹರಿದುಕೊಂಡಿದ್ದೇನೆ. ಆದರೆ ಹೊಸ ರಾಜ್ಯದ ಹೊಸ ಕುರ್ಚಿಗೆ ಈಗಲೇ ಹೆಗಲ ವಲ್ಲಿ ಹಾಸುವ ಈ ಅವಸರ ನನಗೆ ಸೇರದು.

ಇದಕ್ಕೆಲ್ಲ ಕಾರಣ ಖುರ್ಷೀದಬೇಗಂ ತಂದ ಕಾಗದ. ಆಕೆಯ ತಮ್ಮ ಆಫ್ರಿಕಾದ ನೈರೋಬಿಯಲ್ಲಿ ರೈಲು ಕಾರ್ಖಾನೆಯ ಫಿಟ್ಟರ್. ಅಲ್ಲಿಂದಾಚೆ ಗುಡ್ಡದ ಮೇಲೆ ಒಂದು ಅನಾಥಾಲಯವಿದೆಯಂತೆ. ತೊಂಬತ್ತಾರು ಮಕ್ಕಳು. ಅಪ್ಪಂದಿರನ್ನು ಬಿಳಿಯರ ಬಂದೂಕು ತಿಂದಿದೆ, ತಾಯಂದಿರು ಬೇಲಿಯೊಳಗಿನ ಶಿಬಿರಗಳಲ್ಲಿ ಸತ್ತಿದ್ದಾರೆ. ಅಲ್ಲಿ ಜುಲೈ ಎಂದರೆ ಚಳಿಗಾಲ, ಹೋದ ಜುಲೈ ಚಳಿಗೆ ನಾಲ್ಕು ಮಕ್ಕಳು ಹೋದವಂತೆ. 'ನಮ್ಮ ಕಡೆಯ ಕರಿ ಕಂಬಳಿ ಕಳಿಸಲು ಆದೀತೇ, ಅಕ್ಕಾ' ಎಂದು ಬರೆದಿದ್ದಾನೆ. ಜುಲೈಗೆ ಮೊದಲು ತಲುಪಬೇಕು. ಗುಲಾಮಗಿರಿ ಏನೆಂದು ನಮಗೆ ಗೊತ್ತಿಲ್ಲವೇ? ಇದು ದಾನವಲ್ಲ, ಹೋರಾಟದ ಮುಂದುವರಿಕೆ. ಶಾಲೆಯ ಅಂಗಳದಲ್ಲಿ ನಿಂತೇ ಹೂಂ ಅಂದೆ.

ಖುರ್ಷೀದಬೇಗಂ ವಿಧವೆ. ಕೋಟೆ ಓಣಿಯಲ್ಲಿ ರವಿಕೆ, ಕೌದಿ ಹೊಲಿಯುತ್ತಾಳೆ. ಮಾತಾಡಬೇಕಾದಾಗ ಆಕೆಯೇ ಶಾಲೆಗೆ ಬರುತ್ತಾಳೆ. ಆ ಓಣಿಗೆ ನಾನು ಹೋಗುವುದಿಲ್ಲ. ಕಾರಣ ಬರೆಯುವ ಅಗತ್ಯವಿಲ್ಲ.

೮ ಫೆಬ್ರುವರಿ

ಬಜಾರಿನಲ್ಲಿ ಕರಪತ್ರ ಹಂಚಿದೆವು. ಬಾಳೆಹಣ್ಣಿನವನು ಓದಿಸಿಕೊಂಡು ಕೇಳಿದ.

"ಆಫ್ರಿಕಾದಾಗ ಥಂಡಿ? ಅಕ್ಕೋರ, ಬಿಸಲಿಗಿ ಸುಟ್ಟು ಮಂದಿ ಕರ್ರಗ ಆಗ್ಯಾರ, ಅವ್ರಿಗಿ ಕಂಬಳಿ ಹೊದಸತೀರೇನು?"

"ನೀನೂ ಕರ್ರಗಿದ್ದಿಯಲ್ಲೋ. ನಿನಗ ಥಂಡಿ ಹತ್ತಂಗಿಲ್ಲೇನು?"

ಸುತ್ತಲಿದ್ದವರು ನಕ್ಕರು. ಅವನ ಮುಖ ಕೆಟ್ಟಿತು. ಖುರ್ಷೀದಬೇಗಂ ಮೆಲ್ಲಗೆ, "ಗುಡ್ಡದ ಮ್ಯಾಲ ಥಂಡಿ ಭಾಳ ಅದರಿ ಅಣ್ಣಾ. ನನ್ನ ತಮ್ಮ ಎರಡೆರಡು ಸ್ವೆಟರ್ ಹಾಕ್ತಾನಂತ" ಅಂದಳು. ಅವನು ಆಕೆಯ ಚೀಲಕ್ಕೆ ನಾಲ್ಕು ಹಣ್ಣು ಹಾಕಿದ. "ಕಂಬಳಿ ನನ್ನ ಕಡಿ ಇಲ್ಲವಾ. ಇವನ್ನ ಕಳಸ್ರಿ."

ಹಡಗಿನಲ್ಲಿ ಆಫ್ರಿಕಾಕ್ಕೆ ಬಾಳೆಹಣ್ಣು! ಈ ಜನರನ್ನು ಇಟ್ಟುಕೊಂಡು ಏನು ಮಾಡುವುದು?

೧೯ ಫೆಬ್ರುವರಿ, ಭಾನುವಾರ

ಬಂಡಿ ಬರಲಿಲ್ಲ. ವಡಗೇರಾದವರೆಗೆ ಶೇಂಗಾ ಲಾರಿಯಲ್ಲಿ, ಅಲ್ಲಿಂದ ಕೊಂಕಲ್‌ಗೆ ನಡೆದು ಹೋದೆವು. ಕುರಿಯವರ ಓಣಿಯಲ್ಲಿ ಮಲಕಮ್ಮನ ಮಾತೇ ಕಡೆಯ ಮಾತು. ಎಪ್ಪತ್ತರ ಮುದುಕಿ. ನಡೆಯುವಾಗಲೂ ಕೈಯಲ್ಲಿ ಕದಿರು ತಿರುಗುತ್ತಿರುತ್ತದೆ, ಮಾತಾಡುವಾಗಲೂ ನೂಲು ಕಡಿಯುವುದಿಲ್ಲ. ನಾನು ಬಿಳಿಯರ ಆಳ್ವಿಕೆಯಿಂದ ಶುರು ಮಾಡಿ ಕಾಲು ಗಂಟೆ ವಿವರಿಸಿದೆ. ಎಲ್ಲ ಕೇಳಿ ಆಕೆ ಒಂದೇ ಪ್ರಶ್ನೆ ಕೇಳಿದಳು.

"ಆ ಕೂಸುಗಳು ಎಷ್ಟು ಉದ್ದ ಅದಾವವ್ವ?"

ನನಗೆ ಗೊತ್ತಿರಲಿಲ್ಲ. ಖುರ್ಷೀದಬೇಗಂ ಕೈಯಿಂದ ಮೂರು ಅಳತೆ ತೋರಿಸಿದಳು. ಎಲ್ಲಿಂದ ಕಲಿತಳೋ.

ಮನೆಗೊಂದು ಕುರಿಯ ಉಣ್ಣೆ ಕೊಡುತ್ತಾರೆ, ಹೆಂಗಸರು ನೂಲುತ್ತಾರೆ, ಮಲಕಮ್ಮನ ಮಗ ಸಾಬಣ್ಣ ಮತ್ತು ಅವನ ದಾಯಾದಿಗಳು ನೇಯುತ್ತಾರೆ. ಒಂದು ಬಿಡಿಗಾಸೂ ಬೇಡ ಅಂದರು. ಆಮೇಲೆ ಮುದುಕಿ ಕದಿರು ನಿಲ್ಲಿಸಿದಳು.

"ಹಿಂದ ಹೊಳಿ ಬಂದು ಊರು ಮುಳುಗಿದಾಗ ನಾವು ಕೊಟ್ಟ ಅರಬಿ-ಬಟ್ಟಿ ಯಾದಗಿರಿ ಪ್ಯಾಟ್ಯಾಗ ಮಾರಾಕಿಟ್ಟಿದ್ರು. ನನ್ನ ಸೊಸಿ ಸೀರಿ ನಾನೇ ಕಣ್ಣಿಲೆ ನೋಡೀನಿ. ಇವೂ ಹಂಗಾದ್ರ?"

"ಒಂದೊಂದು ಕಂಬಳಿ ಒಂದೊಂದು ಕೂಸಿನ ಮೈಮ್ಯಾಲ ಬೀಳತದ. ಇಲ್ಲಾಂದ್ರ ನಿಮ್ಮೂರಾಗ ಕಾಲಿಡಂಗಿಲ್ಲ" ಅಂದೆ. "ಆದ್ರ ಹೊಸಾವು ಬೇಕು. ಹರಕು ಮುರುಕು ಬ್ಯಾಡ."

"ಹರಕು ಕೊಡಾಕ ನಾವೇನು ಸಾವ್ಕಾರ್ರೇನು?" ಅಂದಳು ಮಲಕಮ್ಮ. ಕದಿರು ಮತ್ತೆ ತಿರುಗಿತು.

೪ ಮಾರ್ಚ್

ಹಡಗಿನವರ ಉತ್ತರ? ಬಂದಿಲ್ಲವಂತೆ. ಬಂಡಿ? ಎತ್ತು ಇನ್ನೂ ಕುಂಟುತ್ತಿದೆಯಂತೆ. ಅದೇ ಎತ್ತು ನಿನ್ನೆ ಏಕೀಕರಣ ಸಭೆಗೆ ಬಾಳೆಕಂಬ ಎಳೆದದ್ದನ್ನು ಶಹಾಪುರವೆಲ್ಲ ನೋಡಿದೆ.

೧೮ ಮಾರ್ಚ್, ಭಾನುವಾರ

ಉಣ್ಣೆ ಸಾಲದು ಎಂದು ಸಾಬಣ್ಣ ಹೇಳಿಕಳಿಸಿದ್ದರಿಂದ ಸುರಪುರಕ್ಕೆ ಹೋದೆವು. ಬೇವಿನ ಮರದ ಕೆಳಗೆ ಮೂವತ್ತು ಮಂದಿ ಸೇರಿದ್ದರು. ನಾನು ಅರ್ಧ ಗಂಟೆ ಮಾತಾಡಿದೆ. ಸಾಮ್ರಾಜ್ಯಶಾಹಿ, ಬಂದೂಕು, ತೋಟ ಕಸಿದ ಬಿಳಿಯರು, ಎಲ್ಲ ಬಂತು. ಅಮೃತಮ್ಮ ಎಂಬ ಕೂಲಿ ಹೆಂಗಸು ಎದ್ದು ನಿಂತಳು. ತಂಗಿ ಸತ್ತು ಆಕೆಯ ಎರಡು ಮಕ್ಕಳನ್ನು ಸಾಕುತ್ತಿದ್ದಾಳಂತೆ.

"ಬಾಯಾರ, ಇಲ್ಲಿ ಅವ್ವ-ಅಪ್ಪ ಇಲ್ಲದ ಕೂಸುಗಳು ಇಲ್ಲೇನ್ರಿ? ಅವ್ರಿಗಿ ಏನು ಕೊಟ್ರಿ? ಸಮುದ್ರ ದಾಟೇ ಯಾಕ ಹೊಂಟೀರಿ?"

ಹೋರಾಟ ಜಗತ್ತಿನದು ಎಂದು ನಾನು ಶುರು ಮಾಡಿದ್ದೆ. ಆಕೆ ಕೈಯೆತ್ತಿ ತಡೆದಳು.

"ಭಾಷಣ ಆತಲ್ರಿ. ನಾ ಕೇಳಿದ್ದಕ್ಕ ಹೇಳ್ರಿ."

ನನ್ನ ಮೈ ಉರಿಯಿತು. ಬಾಯಿ ತೆರೆಯುವುದರೊಳಗೆ ಖುರ್ಷೀದಬೇಗಂ ಎದ್ದಳು.

"ನೀವು ಕೇಳೂದು ಖರೇ ಅದವ್ವಾ. ನನ್ನೂ ಎಂಟು ವರ್ಷ ಯಾರೂ ಕೇಳಲಿಲ್ಲ, ಉಂಡೀಯೇನು, ಉಟ್ಟೀಯೇನು ಅಂತ. ಯಾರಾರ ಕೇಳ್ತಾರಂತ ಬಾಗಿಲಾ ನೋಡ್ಕೋತ ಕುಂತಿದ್ದೆ. ಆಮ್ಯಾಲ ಅನಿಸ್ತು, ನಾನೇ ಯಾರನ್ನಾರ ಕೇಳಿದ್ರಾತಂತ. ಈ ಕೂಸುಗಳ ಸುದ್ದಿ ಮದಲ ಬಂತು, ಇವನ್ನ ಕೇಳಿದೆ. ನಿಮ್ಮವನ್ನೂ ಕೇಳ್ತೀನಿ. ಹೆಸರೇನ್ರಿ ಅವುಕ?"

ಅಮೃತಮ್ಮ ಹೆಸರು ಹೇಳಿದಳು. ಕುಳಿತು ಅತ್ತಳು. ಆಮೇಲೆ ಎರಡು ಕುರಿಯ ಉಣ್ಣೆ ತಂದು ಹಾಕಿದಳು. ಆಕೆಯ ಹಿಂದೆ ಉಳಿದವರೂ ತಂದರು.

ನನ್ನ ಅರ್ಧ ಗಂಟೆಗೆ ಬಾರದ ಉಣ್ಣೆ ಆಕೆಯ ನಾಲ್ಕು ಮಾತಿಗೆ ಬಂತು. ಜನರಿಗೆ ರಾಜಕೀಯ ತಿಳಿವಳಿಕೆ ಬರುವುದು ಇನ್ನೂ ದೂರವಿದೆ. ಹೊರಡುವಾಗ ಖುರ್ಷೀದಬೇಗಂ ಆ ಎರಡು ಮಕ್ಕಳ ಅಂಗಿಯ ಅಳತೆ ತೆಗೆದುಕೊಂಡಳು. ಇನ್ನೊಂದು ಕೆಲಸ ಹಚ್ಚಿಕೊಂಡಂತಾಯಿತು. ಯಾರು ಹೇಳಿದ್ದು ಇವಳಿಗೆ?

೧೫ ಏಪ್ರಿಲ್, ಭಾನುವಾರ

ಇವತ್ತು ನನಗೆ ಪಿತ್ತ ನೆತ್ತಿಗೇರಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕಂಬಳಿಗಳು ಆಗಿವೆ ಎಂದು ಸುದ್ದಿ ಬಂತು, ಕೊಂಕಲ್‌ಗೆ ಹೋದೆವು. ಊರ ಹೊರಗೇ ಒಬ್ಬ ಕುರಿ ಕಾಯುತ್ತ ತಲೆಗೆ ಹೊಸ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದ. ಕಟ್ಟೆಯ ಮೇಲೆ ಮೂವರು ಹೊಸ ಕಂಬಳಿ ಹಾಸಿ ಮಲಗಿದ್ದರು. ಒಬ್ಬಳು ಅದನ್ನು ಬೆನ್ನಿಗೆ ಕಟ್ಟಿಕೊಂಡು ನೀರು ಹೊರುತ್ತಿದ್ದಳು. ಮಕ್ಕಳಿಗಾಗಿ ಕೂಡಿಸಿದ ಉಣ್ಣೆ! ಸಾಬಣ್ಣನೂ ಒಂದನ್ನು ಹೊದ್ದೇ ಎದುರು ಬಂದ. ಈ ಬಿಸಿಲಲ್ಲಿ, ಬೆವರು ಸುರಿಸುತ್ತ.

"ನಾಚಿಕಿ ಬರಂಗಿಲ್ಲೇನೋ ನಿಮಗ?" ಎಂದು ಕೂಗಿದೆ. "ಹೊಸಾವು ಅಂದಿದ್ದೆ! ಇಡೀ ಊರಿಗಿ ಊರೇ ಹೊದ್ದು ಕುಂತೀರಿ!"

ಸಾಬಣ್ಣ ತಾಯಿಯ ಮುಖ ನೋಡಿದ. ಮಲಕಮ್ಮ ಒಳಗೆ ಹೋಗಿ ಮಗ್ಗದಿಂದ ಆಗಷ್ಟೇ ಇಳಿದ ಕಂಬಳಿ ತಂದಳು. ಮಡಚಿ ನೆಲದ ಮೇಲಿಟ್ಟು ಕೈಬಿಟ್ಟಳು. ಅದು ಬೀಳಲಿಲ್ಲ. ಹಲಗೆಯಂತೆ ತಾನೇ ನಿಂತಿತು.

"ಹುಣಸಿ ಬೀಜದ ಗಂಜಿ ತಿಕ್ಕಿ ನೇಯತೀವಿ. ಹೊಸಾದು ಹಿಂಗ ನಿಲ್ತದ. ಕೈ ಹಚ್ಚಿ ನೋಡವ್ವ."

ಹಚ್ಚಿದೆ. ಮುಳ್ಳು.

"ಇದನ್ನ ಕೂಸಿನ ಮ್ಯಾಲ ಒಗೀತಿಯೇನು? ತೊಗಲು ಕಿತ್ತತದ. ಅವ್ವ ಇದ್ದ ಕೂಸಿಗಾದ್ರ ಅವ್ವ ತಾ ಮದಲ ನಾಕು ವಾರ ಹೊದ್ದು, ಉಳ್ಳಾಡಿ, ಬೆವತು, ಮೆತ್ತಗ ಮಾಡಿ ಆಮ್ಯಾಲ ಹೊದಸತಾಳ. ಈ ಕೂಸುಗಳಿಗಿ ಯಾರು ಮಾಡಬೇಕು? ಅವ್ವ ಇಲ್ಲಂತ ನೀನೇ ಹೇಳೀದಿ."

ಕಟ್ಟೆಯ ನೆರಳಿಗೆ ಸರಿದು ನಿಂತೆ. ಬಿಸಿಲು ಹೆಚ್ಚಿತ್ತು.

ತೊಂಬತ್ತಾರು ಕಂಬಳಿಗೆ ಊರಲ್ಲಿ ದೊಡ್ಡವರು ಸಾಲುತ್ತಿಲ್ಲವಂತೆ. ಅದಕ್ಕೇ ಕೆಲವರು ಹಗಲೂ ಹೊದೆಯುತ್ತಿದ್ದಾರೆ. "ನೀನೂ ಒಂದು ಒಯ್ಯಿ, ಸುಮ್ಮ ಬೈಕೋತ ನಿಂದ್ರಬ್ಯಾಡ" ಎಂದು ಆ ನಿಂತ ಕಂಬಳಿಯನ್ನೇ ನನ್ನ ಹೆಗಲಿಗೆ ಹಾಕಿದಳು ಮುದುಕಿ. ಖುರ್ಷೀದಬೇಗಂ ತಾನಾಗಿ ಎರಡು ಕೇಳಿ ತೆಗೆದುಕೊಂಡಳು.

ರಂಜಾನ್ ಶುರುವಾಗಿದೆ. ಆ ಉರಿಯಲ್ಲಿ ಬರುವಾಗ ಹೋಗುವಾಗ ಬೇಗಂ ಒಂದು ಹನಿ ನೀರು ಮುಟ್ಟಲಿಲ್ಲ. ದಾರಿಯಲ್ಲಿ ಬಿದ್ದರೆ ಹೊರುವವರು ಯಾರು ಎಂದು ಗದರಿದೆ. ನಕ್ಕಳು. ನನ್ನ ತಂಬಿಗೆ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು. ನನಗೆ ನೀರಡಿಕೆ ಆಗಲಿಲ್ಲ, ಅಷ್ಟೆ.

೧೭ ಏಪ್ರಿಲ್

ನಿದ್ದೆಯಿಲ್ಲ. ಕುತ್ತಿಗೆಯೆಲ್ಲ ಕೆರೆತ. ಹುಣಸೆ ಬೀಜದ ವಾಸನೆ, ಕುರಿಯ ವಾಸನೆ.

೧೯ ಏಪ್ರಿಲ್

ಅದೇ.

೨೯ ಏಪ್ರಿಲ್, ಭಾನುವಾರ

ಒಂದು ಮೂಲೆ ಮೆತ್ತಗಾಗಿದೆ. ಎಡಭಾಗ ಇನ್ನೂ ಹಠ ಹಿಡಿದಿದೆ. ಇವತ್ತಿನಿಂದ ಎಡಕ್ಕೆ ಹೊರಳಿ ಮಲಗಬೇಕು. ಗಂಜಿ ಎಷ್ಟು ಬಿಟ್ಟಿದೆ ಎಂದು ನೋಡುವುದಕ್ಕಷ್ಟೆ.

ಶಾಲೆಗೆ ರಜೆ. ಬೇಗಂ ನನ್ನ ಮನೆಗೇ ಬಂದರು. ಅಮೃತಮ್ಮನ ಮನೆಯ ಮಕ್ಕಳ ಅಂಗಿ ಹೊಲಿದಾಗಿದೆ, ಸುರಪುರಕ್ಕೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಕೇಳಲು. ಎರಡು ಕಂಬಳಿ ಒಯ್ದಿರಲ್ಲ, ಎರಡನೆಯದನ್ನು ಯಾರು ಹೊದೆಯುತ್ತಾರೆ ಎಂದು ಕೇಳಿದೆ. ಕೇಳಬಾರದಿತ್ತು.

"ಒಂದು ನನ್ನ ಕಡಿ, ಒಂದು ಅವ್ರು ಮಲಗತಿದ್ದ ಕಡಿ ಹಾಸೀನ್ರಿ. ಅರ್ಧ ರಾತ್ರಿಗಿ ಎದ್ದು ಅತ್ತ ಹೋಗಿ ಮಲಗತೀನಿ. ಎರಡೂ ಮೆತ್ತಗಾಗಬೇಕಲ್ರಿ."

ಆಕೆಯ ಗಂಡ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಯಾರಿಗೂ ಏನೂ ಮಾಡಿದವರಲ್ಲ.

ಅವರು ಹೋದದ್ದು ನಲವತ್ತೆಂಟರ ಸೆಪ್ಟೆಂಬರಿನಲ್ಲಿ. ಸೈನ್ಯ ಬಂತು, ನಿಜಾಮ ಶರಣಾದ, ನಾವು ಮೆರವಣಿಗೆ ತೆಗೆದೆವು. ಧ್ವಜ ನನ್ನ ಕೈಯಲ್ಲಿತ್ತು. ಅದರ ಹಿಂದಿನ ವರ್ಷ ನಿಜಾಮನ ಕಡೆಯ ರಜಾಕಾರರು ನನ್ನ ಅಣ್ಣನನ್ನು ಕಣದಲ್ಲೇ ಕೊಂದಿದ್ದರು. ಕೋಟೆ ಓಣಿಯ ಮುಂದೆ ಬಂದಾಗ ಮೆರವಣಿಗೆಯ ಬಾಲದಿಂದ ಕೆಲವರು ಒಳಗೆ ಹೊಕ್ಕರು. ಬಾಗಿಲು ಒಡೆಯುವ ಸದ್ದು ಬಂತು. ಹೆಂಗಸೊಬ್ಬಳು ಕೂಗಿದಳು. ತಿರುಗಿ ನೋಡಿದೆ, ಯಾವ ಬಾಗಿಲೆಂದೂ ಕಂಡಿತು. ಧ್ವಜ ಹಿಡಿದವರು ನಿಂತರೆ ಮೆರವಣಿಗೆ ನಿಲ್ಲುತ್ತದೆ.

ನಿಲ್ಲಲಿಲ್ಲ.

ಸಾಕು.

೨ ಮೇ, ಬುಧವಾರ

ದ್ಯಾವಪ್ಪನ ಹೆಂಡತಿ ಒಗೆಯಲು ತೆಗೆದ ಕೋಟಿನ ಕಿಸೆಯಲ್ಲಿ ಮುಂಬೈಯ ಕಾಗದ ಸಿಕ್ಕಿದೆ. ಬಂದದ್ದು ಫೆಬ್ರುವರಿ ಇಪ್ಪತ್ತಕ್ಕೆ! ಎರಡೂವರೆ ತಿಂಗಳು ಮಹನೀಯರು ಅದನ್ನು ಎದೆಯ ಮೇಲಿಟ್ಟುಕೊಂಡು ಕನ್ನಡಮ್ಮನ ಸೇವೆ ಮಾಡಿದ್ದಾರೆ. ಪುಕ್ಕಟೆ ಒಯ್ಯುತ್ತೇವೆ ಎಂಬ ಮೊದಲ ಸಾಲು ಓದಿ ಸಂತೋಷಪಟ್ಟು ಮಡಚಿಟ್ಟು ಮರೆತೇಬಿಟ್ಟರಂತೆ.

ಕೆಳಗಿನ ಸಾಲುಗಳು ಇವು. ಮೇ ಇಪ್ಪತ್ತೈದರೊಳಗೆ ಗಂಟುಗಳು ಮುಂಬೈ ತಲುಪಬೇಕು. ಉಣ್ಣೆಯ ಸಾಮಾನು ಹೊಸದಾಗಿರಬೇಕು, ಯಾರೂ ಬಳಸಿರಬಾರದು. ಹಾಗೆಂದು ಕಾರ್ಯದರ್ಶಿ ಸಹಿ ಮಾಡಿದ ಪ್ರಮಾಣಪತ್ರ ಬೇಕು. ಪ್ರಮಾಣ ಸುಳ್ಳೆಂದು ಕಂಡರೆ ಸರಕು ಜಪ್ತು, ಆಮೇಲೆ ಹರಾಜು.

ಹರಾಜು. ಎಂದರೆ ಪೇಟೆ. ಮಲಕಮ್ಮನ ಸೊಸೆಯ ಸೀರೆ ಹೋದಲ್ಲಿಗೇ.

ಕಾರ್ಯದರ್ಶಿ ಎಂದರೆ ನಾನು. ನನ್ನ ಹಾಸಿಗೆಯ ಮೇಲೇ ಒಂದು ಕಂಬಳಿ ಇದೆ.

೩ ಮೇ

ದ್ಯಾವಪ್ಪನ ವಾಡೆಗೆ ಹೋದೆ. ಜೋಳದ ಚೀಲ ಇದ್ದ ಕೋಣೆಯಲ್ಲಿ ಈಗ ಧ್ವನಿವರ್ಧಕ ಇದೆ.

"ರೇಣಕ್ಕ, ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ಹೊಸಾವು ಅಂತ ಬರೀರಿ, ಸಹಿ ಹಾಕ್ರಿ. ಮುಂಬೈದಾಗ ಯಾರು ಮೂಸಿ ನೋಡ್ತಾರ?"

"ಮೂಸೂದು ಬ್ಯಾಡ. ಗಂಟು ಬಿಚ್ಚಿದ್ರ ಹಡಗಿಗಿ ಹಡಗೇ ಕೊಂಕಲ್ ಆಗತದ."

"ಶಿಬಿರದಾಗ ನಾವು ಪೊಲೀಸ್ರಿಗಿ ಸುಳ್ಳು ಹೇಳಿಲ್ಲೇನು?"

"ನಿಜಾಮನ ಪೊಲೀಸ್ರಿಗಿ ಹೇಳೀವಿ, ನಮ್ಮ ಕುತಗಿ ಒತ್ತಿಯಿಟ್ಟು. ಇದರಾಗ ಒತ್ತಿ ಬಿದ್ದಾವು ಕೂಸುಗಳ ಕಂಬಳಿ. ಸಿಕ್ಕಿಬಿದ್ರ ನಿಮಗೇನು ಆಗತದ? ಕೋಟು ಬ್ಯಾರೆ ಹೊಲಸ್ಕೋತೀರಿ."

"ಹಂಗಂದ್ರ ಹೊಸಾವು ನೇಯಸ್ರಿ."

"ಉಣ್ಣಿ ನಿಮ್ಮ ತಲಿಮ್ಯಾಲಿಂದ ಕತ್ತರಸಲೇನು?"

ಅವನ ತಲೆಯಲ್ಲಿ ಕೂದಲಿಲ್ಲ ಎಂಬುದು ಆಮೇಲೆ ನೆನಪಾಯಿತು. ತಪ್ಪಾಯಿತು ಎಂದು ಅನ್ನಿಸಿಲ್ಲ.

೬ ಮೇ, ಭಾನುವಾರ

ಕೊಂಕಲ್. ಕಟ್ಟೆಯ ಮುಂದೆ ಎಲ್ಲರನ್ನೂ ಕೂಡಿಸಿ ನಿಂತು ಹೇಳಿದೆ. ತಪ್ಪು ನಮ್ಮದು, ಕಾಗದ ನಮ್ಮ ಕೈಯಲ್ಲೇ ಕೊಳೆಯಿತು, ಹೊದ್ದದ್ದನ್ನು ಅವರು ಒಪ್ಪುವುದಿಲ್ಲ. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಮಲಕಮ್ಮ ಮಗನ ಕಡೆ ತಿರುಗಿದಳು. "ಏನಂತಾರವರು? ಹೊದ್ದದ್ದು ಕೆಟ್ಟದ್ದಂತ?"

"ಹೌದವ್ವ. ಮಂದಿ ಮುಟ್ಟಿರಬಾರದಂತ."

"ಮಂದಿ ಮುಟ್ಟಲಾರದ ಕಂಬಳಿ ಮಂದಿಗ್ಯಾಕ? ಆ ಕಾಗದ ಬರೆದವಗ ಒಂದು ಹೊಸಾದು ಹೊದಸ್ರಿ. ಎರಡು ದಿನ ಕೆರಕೊಳ್ಳಿ, ಆಮ್ಯಾಲ ಮಾತಾಡೂಣು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಬಂತು. ಸಾಬಣ್ಣ ಗಂಟಲು ಸರಿಮಾಡಿಕೊಂಡ.

"ಅಕ್ಕೋರ, ಸುಳ್ಳು ಸಹಿ ಹಾಕ್ತೀರೇನು?"

"ಇಲ್ಲ."

"ಹಂಗಾದ್ರ ಖರೇನೇ ಬರೀರಿ. ತೊಳದು ಕೊಡ್ತೀವಿ. ರೋಗ ರುಜಿನ ಇಲ್ಲಂತ ದಾಕ್ತರ ಕಡಿಂದ ಬರಸ್ರಿ. ಬ್ಯಾಡಂದ್ರ ಬ್ಯಾಡನ್ನಲಿ, ಹೊಳ್ಳಿ ನಮ್ಮೂರಿಗೇ ಬರಲಿ. ಪ್ಯಾಟಿಗಿ ಹೋಗೂದು ಬ್ಯಾಡ."

ಅಲ್ಲೇ ಕುಳಿತು ಕಾಗದ ಬರೆದೆ. ಮೊದಲ ಬಾರಿ ಬರೆದದ್ದರಲ್ಲಿ ಸಾಮ್ರಾಜ್ಯಶಾಹಿ ಎರಡು ಸಲ ಬಂದಿತ್ತು. ಖುರ್ಷೀದ ಆಪಾ ಓದಿಸಿಕೊಂಡು, "ಅಕ್ಕೋರ, ಅವ್ರು ಕಂಬಳಿ ಬಗ್ಗೆ ಕೇಳ್ಯಾರ್ರಿ" ಅಂದರು. ಹರಿದು ಹಾಕಿ ಬೇರೆ ಬರೆದೆ.

'ಇವು ಬಳಸಿದ ಕಂಬಳಿಗಳು. ಹೊಸ ಕಂಬಳಿ ಮಕ್ಕಳ ಮೈಗೆ ಚುಚ್ಚುತ್ತದೆ. ಆದ್ದರಿಂದ ಒಂದೊಂದನ್ನೂ ಒಬ್ಬೊಬ್ಬರು ದೊಡ್ಡವರು ಹಲವು ವಾರ ಹೊದ್ದು ಮೆತ್ತಗೆ ಮಾಡಿದ್ದಾರೆ. ಒಗೆದು ಬೇವಿನ ಹೊಗೆ ಕೊಡುತ್ತೇವೆ. ಹೊದ್ದವರಲ್ಲಿ ನಾನೂ ಒಬ್ಬಳು. ರೇಣಮ್ಮ, ಕಾರ್ಯದರ್ಶಿ.'

ಆಫ್ರಿಕಾದ ವಿಷಯ ಒಂದು ಸಾಲೂ ಇಲ್ಲ. ಪೇಲವ ಕಾಗದ. ಹೋಗಲಿ.

೧೦ ಮೇ

ಭೀಮೆಯಲ್ಲಿ ಮೊಣಕಾಲು ನೀರು. ಬೆಳಗಿನಿಂದ ಕಂಬಳಿ ಒಗೆತ. ನೀರು ಹೀರಿದ ಕಂಬಳಿ ಎಂದರೆ ಸತ್ತ ಎಮ್ಮೆ, ನಾಲ್ವರು ಎಳೆದರೂ ಮೇಲೆ ಬಾರದು. ನನ್ನ ಸೊಂಟ ಹೋಯಿತು. ನೀನು ಒಗೆಯುವುದು ಮಕ್ಕಳ ತಲೆ ತಟ್ಟಿದಂತಿದೆ ಎಂದು ಹೆಂಗಸರು ಅಣಕಿಸಿದರು. ಆಪಾ ಉಪವಾಸದಲ್ಲೇ ಹನ್ನೆರಡು ಒಗೆದರು. ನಾನು ಒಂಬತ್ತು. ಸಂಜೆ ಬಂಡೆಯ ಮೇಲೆ ಕುಳಿತು ಇಬ್ಬರೂ ಒಟ್ಟಿಗೆ ನೀರು ಕುಡಿದೆವು.

ಯಾದಗಿರಿಯ ವೈದ್ಯರು ಬಂದು ನೋಡಿ ಬರೆದುಕೊಟ್ಟಿದ್ದಾರೆ: ಹೇನಿಲ್ಲ, ಹುಳುವಿಲ್ಲ. 'ಇವರ ಕಂಬಳಿ ನನ್ನ ದವಾಖಾನಿ ಹಾಸಿಗಿಗಿಂತ ಸಾಫ್ ಅದಾವು, ಅದನ್ನ ಬರೆಯಂಗಿಲ್ಲ' ಎಂದು ಬಾಯಿಮಾತಿನಲ್ಲಿ.

೧೨ ಮೇ

ಈದ್. ಆಪಾ ಡಬ್ಬಿಯಲ್ಲಿ ಶಾವಿಗೆ ಪಾಯಸ ಕಳಿಸಿದ್ದರು. ಖಾಲಿ ಡಬ್ಬಿ ತಿರುಗಿಸಬೇಕು. ತಂದವರ ಕೈಯಲ್ಲೇ ಕೊಡಬಹುದಿತ್ತು. ಕೊಡಲಿಲ್ಲ. ನಾನೇ ಹೋಗಬಹುದಿತ್ತು.

ಹೋಗಲಿಲ್ಲ.

೧೫ ಮೇ

ಯಾದಗಿರಿ ಸ್ಟೇಷನ್. ಗೋಣಿಯಲ್ಲಿ ಗಂಟು ಕಟ್ಟುವಾಗ ಎಣಿಸಿದರೆ ತೊಂಬತ್ತೈದು. ಮೂರು ಸಲ ಎಣಿಸಿದರೂ ತೊಂಬತ್ತೈದು. ಒಂದು ಮಗುವಿಗೆ ಕಂಬಳಿ ಇಲ್ಲವೆಂದರೆ ಯಾವ ಮಗುವಿಗೆ ಎಂದು ಸಾಬಣ್ಣನನ್ನು ಪ್ಲಾಟ್‌ಫಾರ್ಮಿನ ಮೇಲೇ ತರಾಟೆಗೆ ತೆಗೆದುಕೊಂಡೆ. ಬೇಜವಾಬ್ದಾರಿ, ಲೆಕ್ಕವಿಲ್ಲದ ಜನ, ಇತ್ಯಾದಿ. ಆತ ತಲೆ ತಗ್ಗಿಸಿ ಮತ್ತೆ ಎಣಿಸತೊಡಗಿದ.

ಆಪಾ ನನ್ನ ಹತ್ತಿರ ಬಂದು ಕಿವಿಯಲ್ಲಿ ಅಂದರು, "ನಿಮ್ಮ ಹಾಸಿಗಿಮ್ಯಾಲ ಅದಲ್ರಿ."

ಹೌದು. ಅವತ್ತು ಹೊಳೆಗೂ ಅದನ್ನು ಒಯ್ದಿರಲಿಲ್ಲ. ಮರೆತಿತ್ತು. ಮನುಷ್ಯರು ಮರೆಯುತ್ತಾರೆ. ಸಾಬಣ್ಣ ಅಷ್ಟು ನಗಬೇಕಾಗಿರಲಿಲ್ಲ. ಶಹಾಪುರಕ್ಕೆ ಹೋಗಿ ತಂದು, ಸ್ಟೇಷನ್ನಿನ ನಲ್ಲಿ ನೀರಲ್ಲಿ ಒಗೆದು, ಸುಡುಬಿಸಿಲಲ್ಲಿ ಒಣಗಿಸಿ, ಹೊಗೆ ಹಾಕಿ, ವೈದ್ಯರಿಗೆ ತೋರಿಸಿ, ಮರುದಿನದ ಗಾಡಿಗೆ ಹಾಕುವುದೆಂದಾಯಿತು. ಎಡಭಾಗವೂ ಈಗ ಮೆತ್ತಗಿದೆ.

೧೮ ಮೇ

ನಿದ್ದೆಯಿಲ್ಲ. ಈ ಸೆಕೆಗೆ ಹೊದೆಯಲು ಏನೂ ಬೇಕಿಲ್ಲ. ಆದರೂ.

೨೯ ಮೇ, ಮಂಗಳವಾರ

ಮುಂಬೈಯಿಂದ ಕಾಗದ. ಈ ಸಲ ನನ್ನ ಹೆಸರಿಗೆ ಬಂದಿದೆ. ದ್ಯಾವಪ್ಪನ ಕೋಟಿಗೆ ಬೀಳಲಿಲ್ಲ.

ಗಂಟುಗಳು ತಲುಪಿವೆ. ನಾಳೆಯ ಹಡಗಿಗೆ ಹಾಕುವುದಿಲ್ಲ. ಬಳಸಿದ ಉಣ್ಣೆಗೆ ಅಪ್ಪಣೆಯಿಲ್ಲ. ಹಡಗು ತಪ್ಪಿತು. ನಿಜ ಬರೆದದ್ದಕ್ಕೆ ಸಿಕ್ಕ ಬಹುಮಾನ.

ಕೆಳಗೆ ಇನ್ನೂ ಇತ್ತು. ನಾನೂ ದ್ಯಾವಪ್ಪನಂತೆ ಮಡಚಿಡುತ್ತಿದ್ದೆನೇನೋ. ಆಪಾ ಪಕ್ಕದಲ್ಲಿದ್ದು, "ಪೂರಾ ಓದ್ರಿ" ಅಂದರು. ಬಳಸಿದ್ದೆಂದು ಮೊದಲೇ ತಿಳಿಸಿದ್ದರಿಂದ ಜಪ್ತು ಮಾಡಿಲ್ಲ. ಜೂನ್ ಇಪ್ಪತ್ತೆರಡಕ್ಕೆ ಇನ್ನೊಂದು ಹಡಗಿದೆ. ಬಂದರಿನಲ್ಲಿ ಬಿಸಿ ಹಬೆ ಕೊಟ್ಟು ಶುದ್ಧ ಮಾಡಿದರೆ ಒಯ್ಯಬಹುದು. ಸಮಿತಿಯ ಇಬ್ಬರು ಖುದ್ದು ಬಂದು, ಎದುರಿಗೆ ನಿಂತು, ಒಂದೊಂದು ಗಂಟಿಗೂ ಸಹಿ ಮಾಡಬೇಕು. ಜುಲೈ ಮೊದಲ ವಾರ ಅಲ್ಲಿ ತಲುಪುತ್ತದೆ. ಚಳಿಗೆ ಸ್ವಲ್ಪ ತಡ. ಪೂರ್ತಿ ತಡವಲ್ಲ.

ಸಂಜೆ ದ್ಯಾವಪ್ಪ ತಾನೇ ನನ್ನ ಮನೆಗೆ ಬಂದ. ಹೊಸ ರಾಜ್ಯದ ಹೊತ್ತಿನಲ್ಲಿ ಈ ಗದ್ದಲ ತನ್ನ ಹೆಸರಿಗೆ ಅಂಟಬಾರದಂತೆ.

"ಸಮಿತಿ ಬರ್ಖಾಸ್ತ್ ಮಾಡಿಬಿಡೂಣ್ರಿ ರೇಣಕ್ಕ. ಹೊಳ್ಳಿ ತರಿಸಿ ಕೊಂಕಲ್‌ನವ್ರಿಗಿ ಕೊಟ್ಟುಬಿಡ್ರಿ."

"ಸಭೆ ಕರದು ಹೇಳ್ರಿ. ಮೂವರ ಸಮಿತಿ, ಮೂವರ ಎದುರಿಗಿ ಹೇಳ್ರಿ."

"ರವಿವಾರ ವಾಡೇಕ್ಕ ಬರ್ರಿ ಹಂಗಾದ್ರ."

"ವಾಡೇದಾಗ ಧ್ವನಿವರ್ಧಕ ಅದ. ಬ್ಯಾಡ" ಅಂದೆ. ಬಾಯಿಂದ ಬಂದೇಬಿಟ್ಟಿತು, "ಆಪಾರ ಮನ್ಯಾಗ."

"ಕೋಟಿ ಓಣ್ಯಾಗ?" ಎಂದು ದ್ಯಾವಪ್ಪ ನನ್ನ ಮುಖ ನೋಡಿದ. ಅವತ್ತು ಮೆರವಣಿಗೆಯಲ್ಲಿ ಅವನೂ ಇದ್ದ. ನನಗಿಂತ ನಾಲ್ಕು ಹೆಜ್ಜೆ ಹಿಂದೆ. ಅವನಿಗೂ ಕೇಳಿಸಿರಬೇಕು. "ನನಗ ಆಗಂಗಿಲ್ರಿ. ಗುಲಬರ್ಗಾದಾಗ ಕೆಲಸ ಅದ" ಎಂದು ಎದ್ದ.

ಆಗಲಿ. ಇಬ್ಬರಿದ್ದರೂ ಸಭೆ ಸಭೆಯೇ. ಮುಂಬೈಗೆ ಬೇಕಾದವರೂ ಇಬ್ಬರೇ. ಸಾಬಣ್ಣ ಮತ್ತು ಮಲಕಮ್ಮನಿಗೂ ಹೇಳಿಕಳಿಸಿದ್ದೇನೆ. ಸಮಿತಿಗೆ ಸೇರಿಸಿಕೊಳ್ಳಬೇಕು. ಮೊದಲೇ ಸೇರಿಸಬೇಕಿತ್ತು. ಯಾರಿಗೂ ಹೊಳೆಯಲಿಲ್ಲ.

ಅವನು ಹೋದ ಮೇಲೆ ಆಪಾ ಒಳಗಿನಿಂದ ಬಂದು ಬುರ್ಖಾ ಸರಿಮಾಡಿಕೊಳ್ಳುತ್ತ ನಿಂತರು. ಓಣಿ ಹೊಕ್ಕ ಮೇಲೆ ತಮ್ಮ ಮನೆ ಯಾವುದೆಂದು ಗುರುತು ಹೇಳಹೋದರು.

"ಗೊತ್ತದ ಆಪಾ" ಅಂದೆ. "ಎಡಕ್ಕ ಮೂರನೇ ಬಾಗಿಲಾ."

ಹೇಗೆ ಗೊತ್ತು ಎಂದು ಕೇಳಲಿಲ್ಲ. "ಜಲ್ದಿ ಬರ್ರಿ. ಚಾ ಮಾಡಿರತೀನಿ" ಅಂದರು.

ಡಬ್ಬಿ ಒಯ್ಯಬೇಕು.

ಸಭೆ: ಜೂನ್ ೩, ಭಾನುವಾರ, ಬೆಳಿಗ್ಗೆ ಎಂಟು ಗಂಟೆ.